ಅಜ್ಜಿಯ ಮೂರರಲ್ಲೊಂದು ಪಾಲು

ನಮ್ಮೂರಿನಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವುದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸುವುದು ಮೇಲು. ಕೋಣ ಎದುರುತ್ತರ ಕೊಡುವುದಿಲ್ಲ. ಪಾಠದ ಪುಸ್ತಕ ಎಲ್ಲಿಂದಲೋ ಅಚ್ಚಾಗಿ ಬರುತ್ತದೆ, ಬರೆದ ಪುಣ್ಯಾತ್ಮರು ನಮ್ಮೂರಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಪಾಠದ ಮೊದಲ ಪುಟದಲ್ಲೇ ಒಂದು ಚಿತ್ರ: ರಮಾ ಅನ್ನುವ ಹುಡುಗಿ ಮರದ ಕೆಳಗೆ ಒಬ್ಬಳೇ ಕೂತು ಒಂದು ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡಿದ್ದಾಳೆ. ನನ್ನ ಮಗಳು ಹೇಮಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಒಬ್ಳೇ ಕೂತು ನಾಲ್ಕು ಮಾಡಿದ್ಲಂತೆ! ಮಿಕ್ಕ ಮೂರು ಜನ ಎಲ್ಲಿ ಬಚ್ಚಿಟ್ಕೊಂಡಿದ್ದಾರೆ? ಮರದ ಮೇಲಾ?"

ನಕ್ಕಿದ್ದರಲ್ಲಿ ಅವಳ ತಪ್ಪೇನಿಲ್ಲ. ನಮ್ಮಲ್ಲಿ ಒಂದು ವಸ್ತುವನ್ನು ಮುರಿದರೆ, ಎಷ್ಟು ಜನ ಅದನ್ನು ನೋಡುತ್ತಿದ್ದಾರೋ ಅಷ್ಟು ಪಾಲಾಗುತ್ತದೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಇಬ್ಬರು ನೋಡಿದರೆ ಎರಡು, ಐವರು ನೋಡಿದರೆ ಐದು. ಒಬ್ಬರೇ ಇದ್ದರೆ ಮುರಿಯುವುದೇ ಇಲ್ಲ. ಅದಕ್ಕೇ ಒಂಟಿಯಾಗಿರುವವರು ರೊಟ್ಟಿಯನ್ನು ಸುರುಳಿ ಸುತ್ತಿ ಕಚ್ಚಿಯೇ ತಿನ್ನುತ್ತಾರೆ. ಹಲ್ಲಿಗೆ ಈ ಕಟ್ಟಳೆ ಇಲ್ಲ, ಬಾಯೊಳಗೆ ಯಾರು ಬಗ್ಗಿ ನೋಡುತ್ತಾರೆ? ತೆಂಗಿನಕಾಯಿ ಒಡೆಯಬೇಕಾದರೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಾರೆ. ಮದುವೆ ಮನೆಯಲ್ಲಿ ಅಡುಗೆಯವರು ನೆಂಟರನ್ನೆಲ್ಲ ಕುಂಬಳಕಾಯಿಯ ಸುತ್ತ ನಿಲ್ಲಿಸಿಕೊಂಡು ಒಂದೇ ಏಟಿಗೆ ಹುಳಿಗೆ ಬೇಕಾದಷ್ಟು ಹೋಳು ಮಾಡಿಕೊಳ್ಳುತ್ತಾರೆ. ಮಕ್ಕಳು ಪೆಪ್ಪರಮಿಂಟಿಗೆ ಅಂಗಿಯ ತುದಿ ಸುತ್ತಿ ಗುಬ್ಬಿ ಎಂಜಲು ಮಾಡುತ್ತಾರೆ. ಊರಿನಲ್ಲಿ ಹೆಚ್ಚುಕಮ್ಮಿ ಪಾಲು ಅಂತ ಇದ್ದರೆ ಅದೊಂದೇ, ಮಕ್ಕಳು ಪಾಲಿಗೆ ಜಗಳವಾಡುವುದೂ ಆಗ ಮಾತ್ರ. ಇಂಥ ಮಕ್ಕಳನ್ನು ಕೂರಿಸಿಕೊಂಡು 'ಸಮಭಾಗ ಅಂದರೇನು' ಅಂತ ಕೇಳಿದರೆ, 'ಇನ್ಯಾವ ಥರದ ಭಾಗ ಇರತ್ತೆ?' ಅಂತ ನಮ್ಮನ್ನೇ ಕೇಳುತ್ತವೆ.

ಹೇಮಿಯ ತಲೆಯಲ್ಲಿ ಭಿನ್ನರಾಶಿ ಅಂದರೆ ಜನ. ಕೆಳಗಿನ ಅಂಕಿ ಎಷ್ಟೋ ಅಷ್ಟು ಜನ ಮನೆಗೆ ಬಂದಿದ್ದಾರೆ, ಅಷ್ಟೇ. ರೊಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಮೂರರಲ್ಲೊಂದು ದೊಡ್ಡದೋ, ಎಂಟರಲ್ಲೊಂದು ದೊಡ್ಡದೋ?" ಅಂತ ಕೇಳಿದೆ.

"ಎಂಟರಲ್ಲೊಂದು."

"ಹೇಗೇ?"

"ಎಂಟು ಜನ ಇದ್ರೆ ಮನೇಲಿ ಏನೋ ವಿಶೇಷ ಅಂತ. ವಿಶೇಷ ಇದ್ರೆ ಪಾಯಸ ಇರತ್ತೆ. ಮೂರು ಜನ ಅಂದ್ರೆ ನಾವೇ. ನಾವಿದ್ರೆ ಬರೀ ಸಾರು."

ಇದಕ್ಕೆ ಏನು ಹೇಳುತ್ತೀರಿ? ನಾನು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದೆ.

ಹೇಳುವ ತ್ರಾಣವಾದರೂ ಎಲ್ಲಿರುತ್ತದೆ? ನಾನು ದುಡಿಯುವುದು ಕಡ್ಲೆಮಿಠಾಯಿ ಕಾರ್ಖಾನೆಯ ಬೆಂಚಿನ ಮೇಲೆ. ಕೈಗೆ ಕೆಲಸವಿಲ್ಲ, ಕಣ್ಣಿಗೆ. ಪಾಕ ಹುಯ್ದು ಆರಿದ ಹಲಗೆಯನ್ನು ಮುಂದೆ ತಂದಿಡುತ್ತಾರೆ, ನಾವು ಹೆಂಗಸರು ಸಾಲಾಗಿ ಕೂತು ನೋಡಬೇಕು, ಸುತ್ತಿಗೆಯ ಒಂದು ಏಟಿಗೆ ಹನ್ನೆರಡು ಹೋಳು. ಏಟು ಹಾಕುವವನೂ ಸೇರಿ ಹನ್ನೆರಡು ಜನ. ಯಾರಾದರೂ ತೂಕಡಿಸಿದರೆ, ಸೀನಿದರೆ, ಹನ್ನೊಂದೇ ಹೋಳು ಬಿದ್ದು ಒಂದೊಂದೂ ಅಚ್ಚಿಗಿಂತ ದಪ್ಪವಾಗಿ ಡಬ್ಬಿಗೆ ಹಿಡಿಸದೆ, "ಯಾವಳೇ ಅವಳು ಕಣ್ಣು ಮುಚ್ಚಿದ್ದು?" ಅಂತ ಸೂಪರ್‌ವೈಸರ್ ಸೂರು ಹಾರುವ ಹಾಗೆ ಕೂಗುತ್ತಾನೆ. ಆ ಬೆಂಚಿನಲ್ಲಿ ನನಗಿಂತ ಮುಂಚೆ ಕೂತಿದ್ದವರು ನನ್ನ ಅತ್ತೆ ಪುಟ್ಟತಾಯಮ್ಮ. ಅವರ ಕಾಲದಲ್ಲಿ ಒಂದು ಹಲಗೆಯೂ ಕಮ್ಮಿ ಬಿದ್ದದ್ದಿಲ್ಲ ಅಂತ ಕಾರ್ಖಾನೆಯವರು ಇವತ್ತಿಗೂ ನಮಗೆ ಕೇಳಿಸುವಂತೆ ಹೇಳುತ್ತಾರೆ. ಅತ್ತೆ ವಯಸ್ಸಾಗಿ ಬಿಟ್ಟ ಜಾಗಕ್ಕೆ ನನ್ನನ್ನು ಕೂರಿಸಿದರು. ಸಂಜೆ ಮನೆಗೆ ಬರುವಾಗ ನನ್ನ ಕಣ್ಣು ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿರುತ್ತದೆ. ಒದ್ದೆ ಬಟ್ಟೆ ಹಾಕಿಕೊಂಡು ಒಂದು ಗಳಿಗೆ ಒರಗೋಣ ಅಂದರೆ, ಎದುರಿಗೆ ಸ್ಲೇಟು ಹಿಡಿದುಕೊಂಡು ಇವಳು.

ಶಾಲೆಯಲ್ಲಿ ಕಲಿಸುವುದಿಲ್ಲವೇ ಅಂತ ನೀವು ಕೇಳಬಹುದು. ವೃಷಭೇಂದ್ರ ಮೇಷ್ಟ್ರು ಕಲಿಸುತ್ತಾರೆ, ಪಾಪ, ಗಂಟಲು ಒಡೆದು ಹೋಗಿದೆ. ಅರ್ಧ ಅಂದರೇನು ಅಂತ ತೋರಿಸಲು ಒಂದು ರೊಟ್ಟಿ ತಂದು, ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು, "ಮಿಕ್ಕವರೆಲ್ಲ ಕಣ್ಣು ಮುಚ್ಚಿ!" ಅಂದರಂತೆ. ಮುರಿದರೆ ಒಂಬತ್ತು ಚೂರು. "ಆ ಏಳು ಕಳ್ಳರು ಯಾರ್ರೋ?" ಅಂದರೆ, "ನಾನಲ್ಲ ಸಾರ್, ಇವ್ನು ಸಾರ್!" "ನಾನು ಕಣ್ಣು ಮುಚ್ಚಿದ್ನೋ ಇಲ್ವೋ ನಿಂಗೆ ಹೇಗೋ ಗೊತ್ತಾಯ್ತು?" ಅಂತ ಅರ್ಧ ದಿನ ಅದೇ ಪಂಚಾಯ್ತಿ. ಗೋಡೆಯ ಕಡೆ ತಿರುಗಿಸಿ ಕೂರಿಸಿದರೆ ಎಲ್ಲರಿಗೂ ಆ ಹೊತ್ತಿಗೇ ಕತ್ತು ನೋವು ಬಂದು ಹಿಂದಕ್ಕೆ ತಿರುಗಿತಂತೆ. ಅದಕ್ಕೇ ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಪಾಲಿನ ಪರೀಕ್ಷೆಗೆ ಮಗು ಮನೆಯಿಂದ ಇಬ್ಬರನ್ನು ಕರೆದುಕೊಂಡು ಬರಬೇಕು. ಮಿಕ್ಕ ಮಕ್ಕಳು ಹೊರಗೆ ವೆರಾಂಡದಲ್ಲಿ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಮಗು ರೊಟ್ಟಿ ಮುರಿದು ಮೂರರಲ್ಲೊಂದನ್ನು ತೋರಿಸಿ, ಮೇಷ್ಟ್ರು ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಿದರೆ ಪಾಸು. ಇಲ್ಲದಿದ್ದರೆ ಎರಡನೇ ಕ್ಲಾಸಿಗೆ ವಾಪಸ್ಸು.

ಹೇಮಿಯ ಪರೀಕ್ಷೆಯ ದಿನ ನನಗೆ ರಜೆ ಸಿಗಲಿಲ್ಲ. ನಮ್ಮನೆಯವರು ರಾತ್ರಿ ಬಸ್ಸಿನ ಡ್ರೈವರು. ಬೆಳಗ್ಗೆ ಬಂದು ಮಲಗುವವರನ್ನು ಎಬ್ಬಿಸಿ ಶಾಲೆಗೆ ಅಟ್ಟಿದೆ, ಪಕ್ಕದ ಮನೆಯ ಗಂಗಮ್ಮನನ್ನು ಜೊತೆಗೆ ಕಳಿಸಿದೆ. ಹೇಮಿ ರೊಟ್ಟಿ ಹಿಡಿದಿದ್ದಾಳೆ, ಮುರಿಯಬೇಕು, ಅಷ್ಟರಲ್ಲಿ ಅಪ್ಪ ಅನ್ನಿಸಿಕೊಂಡವರು ಗೋಡೆಗೆ ಒರಗಿ ಗೊರಕೆ. ರೊಟ್ಟಿ ಎರಡು ಹೋಳಾಯಿತು. ಹೋಗಲಿ ಅಂತ ಮೇಷ್ಟ್ರು, "ಮೂರರಲ್ಲೊಂದು ದೊಡ್ಡದೋ, ಎಂಟರಲ್ಲೊಂದು ದೊಡ್ಡದೋ, ಅದನ್ನಾದರೂ ಹೇಳಮ್ಮ" ಅಂದರೆ, ಇವಳು ಪಾಯಸದ ಕಥೆ ಹೇಳಿದ್ದಾಳೆ. ಮೇಷ್ಟ್ರು ಒಳ್ಳೆಯವರು, ಸೋಮವಾರ ಇನ್ನೊಂದು ಸಲ ಬಾ ಅಂದರು. ಅದೇ ಕೊನೆ. ಆಗದಿದ್ದರೆ ಗಂಗಮ್ಮನ ಮೂಗು ಸುರಿಸುವ ಮೊಮ್ಮಗನ ಪಕ್ಕ ಎರಡನೇ ಕ್ಲಾಸಿನಲ್ಲಿ ಕೂರಬೇಕು. "ಕೂರಿಸಿದ್ರೆ ನಾನು ಸ್ಕೂಲಿಗೇ ಹೋಗಲ್ಲ. ಬೆಂಚಿನ ಕೆಲಸಕ್ಕೆ ಬರ್ತೀನಿ" ಅಂದಳು ಹೇಮಿ. ನನ್ನ ಕಣ್ಣು ಉರಿದದ್ದು ಸಾಲದೇ? ಇವಳದೂ ಉರಿಯಬೇಕೇ?

ಶನಿವಾರ ಸಂಜೆ ಕಾರ್ಖಾನೆಯಿಂದ ಬಂದವಳೇ ಸೆರಗು ಸಿಕ್ಕಿಸಿ ಹಂಚು ಇಟ್ಟೆ. ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ರುದ್ರಾಣಿ, ಮುದ್ದೆ ಮಾಡೇ. ನನ್ನ ಹಲ್ಲಿಗೆ ರೊಟ್ಟಿ ಆಗಲ್ಲ."

"ತಿಂಗಳುಗಟ್ಟಲೆ ಮುದ್ದೆನೇ ಆಗಿದೆ ಅತ್ತೆ. ಇವತ್ತು ರೊಟ್ಟಿ. ಮಗೂಗೆ ಮೂರು ಪಾಲು ತೋರಿಸ್ಬೇಕು. ನಾನು, ನೀವು, ಅವಳು. ದೇವರು ಲೆಕ್ಕ ಹಾಕಿ ಕೊಟ್ಟ ಹಾಗಿದೆ."

"ಹಾಗಾದ್ರೆ ನೀವು ಮುರ್ಕೊಳ್ಳಿ, ನಾನು ಚೊಂಬಿಗೆ ನೀರು ತುಂಬಿಸ್ಕೊಂಡು ಬರ್ತೀನಿ."

"ಚೊಂಬು ಎಲ್ಲಿಗೂ ಓಡಿಹೋಗಲ್ಲ. ಕೂತ್ಕೊಳ್ಳಿ."

ಅತ್ತೆ ಕೂತರು. ಈಚೆಗೆ ಅವರಿಗೆ ಇದೊಂದು ಚಾಳಿ, ಏನಾದರೂ ಮುರಿಯುವ ಹೊತ್ತಿಗೆ ಸರಿಯಾಗಿ ಎದ್ದು ಹೋಗುವುದು. ವಯಸ್ಸಾದವರ ಹಟ ಅಂತ ನಾನೂ ಬಿಟ್ಟುಬಿಟ್ಟಿದ್ದೆ.

ಮೂವರೂ ಚಕ್ಕಳಮಕ್ಕಳ ಹಾಕಿ ಕೂತೆವು. ನಡುವೆ ತಟ್ಟೆ, ತಟ್ಟೆಯಲ್ಲಿ ಗರಿಗರಿ ರೊಟ್ಟಿ. "ಈಗ ನೋಡು. ಇದು ಒಂದು. ಇದನ್ನ ಮೂರು ಜನ ನೋಡ್ತಿದ್ದೀವಿ. ಮುರಿದ್ರೆ?" "ಮೂರು" ಅಂದಳು ಹೇಮಿ. ಮುರಿದೆ. ಎರಡು ಹೋಳು.

"ಎಲ್ಲೇ ನೋಡ್ತಿದ್ದೆ?"

"ರೊಟ್ಟಿನೇ ನೋಡ್ತಿದ್ದೆ!"

"ಅಪ್ಪನ ಮಗಳು. ಅಲ್ಲಿ ಅವರು ನಿದ್ದೆ, ಇಲ್ಲಿ ನೀನು. ಇನ್ನೊಂದು ಮುರೀತೀನಿ, ಕಣ್ಣು ಅಲ್ಲಾಡಿಸಿದ್ರೆ ನೋಡು."

ಎರಡನೆಯದೂ ಎರಡೇ ಹೋಳು. ಕಿವಿ ಹಿಂಡಿದೆ. ಮೂರನೆಯ ರೊಟ್ಟಿಗೆ ಅವಳು ಎರಡು ಕೈಯಿಂದ ರೆಪ್ಪೆಗಳನ್ನು ಅಗಲಿಸಿ ಹಿಡಿದುಕೊಂಡು, ಕಣ್ಣುಗುಡ್ಡೆ ಹೊರಗೆ ಬರುವ ಹಾಗೆ, ಮೂಗು ರೊಟ್ಟಿಗೆ ತಾಗುವಷ್ಟು ಬಗ್ಗಿ ನೋಡಿದಳು. ಮುರಿದೆ. ಎರಡು. "ಬೇಕೂಂತ ಮಾಡ್ತಿದ್ದೀಯಾ? ಸೋಮವಾರ ಎಲ್ಲರ ಮುಂದೆ ನನ್ನ ಮಾನ ಕಳೀಬೇಕಾ?" ಅಂದೆ. ಹೇಮಿ ಸ್ಲೇಟನ್ನು ನೆಲಕ್ಕೆ ಕುಕ್ಕಿ, "ನಾನು ನೋಡ್ತಾನೇ ಇದ್ದೆ! ನಿನ್ನ ರೊಟ್ಟಿನೇ ಸುಳ್ಳು!" ಅಂತ ಅಳುತ್ತಾ ಜಗಲಿಗೆ ಓಡಿದಳು.

"ಹೋಗು, ಅಲ್ಲೇ ಇರು" ಅಂತ ಕೂಗಿದೆ. ಅಷ್ಟೂ ಹೊತ್ತು ಅತ್ತೆ ಒಂದು ಮಾತೂ ಆಡಿರಲಿಲ್ಲ. ಮೊಮ್ಮಗಳ ಮೇಲೆ ಕೈ ಮಾಡಿದರೆ ನನ್ನ ಕೈಯನ್ನೇ ಮುರಿಯುವಂಥವರು, ತಟ್ಟೆಯ ಅಂಚು ಹಿಡಿದುಕೊಂಡು ಕೂತೇ ಇದ್ದರು. "ಬನ್ನಿ, ನಾವಾದ್ರೂ ತಿನ್ನೋಣ" ಅಂತ ಬಿಸಿ ರೊಟ್ಟಿ ತೆಗೆದು, ಅತ್ತೆಗೆ ಅರ್ಧ ಕೊಡೋಣ ಅಂತ ಮುರಿಯಲು ಹೋದೆ. ಮುರಿಯಲಿಲ್ಲ. ಮಡಿಸಿದರೆ ಮಡಿಸಿಕೊಂಡಿತು, ಎಳೆದರೆ ಚರ್ಮದ ಹಾಗೆ ಎಳೆದುಕೊಂಡಿತು. ಮಂಡಿಗೆ ಒತ್ತಿ ಎಳೆದೆ. ಊಹೂಂ. ಇಡೀ ಮನೆಯಲ್ಲಿ ನಾನೊಬ್ಬಳೇ ಇದ್ದ ಹಾಗೆ.

ತಲೆಯೆತ್ತಿ ನೋಡಿದೆ. ಅತ್ತೆ ನನ್ನ ಎದುರಿಗೇ ಕೂತಿದ್ದರು, ಕಣ್ಣು ತೆರೆದೇ ಇತ್ತು. ಆದರೆ ಆ ಕಣ್ಣು ಇದ್ದದ್ದು ರೊಟ್ಟಿಯ ಮೇಲಲ್ಲ, ನನ್ನ ಮೇಲೂ ಅಲ್ಲ, ನನ್ನ ಭುಜದ ಆಚೆ ಎಲ್ಲೋ.

"ಅತ್ತೆ."

"ಮುರೀಲಿಲ್ಲ, ಅಲ್ವಾ?" ಅಂದರು.

"ಯಾವಾಗಿಂದ?"

"ಗೌರಿ ಹಬ್ಬದ ಹೊತ್ತಿಗೆ ಮಂಜು ಮಂಜಾಗಿತ್ತು. ಯುಗಾದಿಗೆ ಪೂರ್ತಿ ಹೋಯ್ತು. ಡಾಕ್ಟರಿಗೆ ತೋರಿಸಿದ್ದೀನಿ, ಗಂಗಮ್ಮನ ಜೊತೆ ಹೋಗಿ. ನರ ಒಣಗಿದೆಯಂತೆ, ಏನೂ ಮಾಡಕ್ಕಾಗಲ್ವಂತೆ."

"ಗಂಗಮ್ಮಂಗೆ ಗೊತ್ತು! ಪಕ್ಕದ ಮನೆಯವಳಿಗೆ ಗೊತ್ತು, ನನಗೊಂದು ಮಾತು ಹೇಳಬಾರದಾಗಿತ್ತಾ?" ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಮುದ್ದೆ, ಹಲ್ಲು ನೋವು, ಚೊಂಬು, ಎಲ್ಲವೂ ಒಂದರ ಹಿಂದೆ ಒಂದು ನೆನಪಾಗಿ ಇನ್ನೂ ಸಿಟ್ಟು ಬಂತು.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ದಿನಾ ಹೊತ್ತು ಮುಳುಗೋವರೆಗೂ ಕಣ್ಣು ಹಾಕಿ ದುಡಿದು ಬರ್ತೀಯ. ಮನೆಗೆ ಬಂದ್ಮೇಲೆ ನನ್ನನ್ನೂ ನೋಡು ಅನ್ನಲಾ? ಮತ್ತೆ, ಮುರಿದಾಗ ತಾನಾಗಿ ಬರೋ ಪಾಲು ಬೇರೆ ಕಣೇ, ಕೈ ನೀಡಿ ಇಸ್ಕೊಳ್ಳೋ ಪಾಲು ಬೇರೆ. ಆ ಬೆಂಚಿನಲ್ಲಿ ಕೂತಿದ್ದವಳಿಗೆ ಅದು ಗಂಟಲಲ್ಲಿ ಇಳಿಯಲ್ಲ."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಎದ್ದು ತೆಗೆಯುವ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಹೇಮಿ ಬಾಗಿಲಲ್ಲಿ ನಿಂತಿದ್ದಳು, ಲಂಗದಲ್ಲಿ ಮೂಗು ಒರೆಸಿಕೊಳ್ಳುತ್ತಾ. ಎಲ್ಲ ಕೇಳಿಸಿಕೊಂಡಿದ್ದಾಳೆ ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸುಮ್ಮನೆ ಬಂದು ಕೂತಳು. ನಾನು ಎಳೆದೆಳೆದು ನಜ್ಜುಗುಜ್ಜು ಮಾಡಿದ್ದ ರೊಟ್ಟಿಯನ್ನು ಎತ್ತಿಕೊಂಡು, "ಅಮ್ಮ, ನೋಡು" ಅಂದು ಮುರಿದಳು. ಎರಡು.

"ಅಜ್ಜಿಗೆ?" ಅಂದಳು.

"ನನ್ನದು ಕೊಡ್ತೀನಿ, ತಿನ್ನು ನೀನು."

"ಆಗ ನಿಂಗೆ ಇರಲ್ಲ. ನಾವು ಮೂರು ಜನ." ಎರಡು ಹೋಳುಗಳನ್ನೂ ಒಂದೊಂದಾಗಿ ಮುರಿದಳು. ನಾಲ್ಕಾಯಿತು. ನನಗೊಂದು, ಅಜ್ಜಿಗೊಂದು, ತನಗೊಂದು. ಒಂದು ಉಳಿಯಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನೂ ಎರಡು ಮಾಡಿ, ಎರಡನ್ನು ನಾಲ್ಕು ಮಾಡಿದಳು. ನನಗೊಂದು, ಅಜ್ಜಿಗೊಂದು, ತನಗೊಂದು. ಮತ್ತೆ ಒಂದು ಉಳಿಯಿತು.

"ಮತ್ತೆ ಉಳೀತಲ್ಲಮ್ಮ!"

"ಉಳಿಯತ್ತೆ ಕಣೇ, ಅದು ಮುಗಿಯಲ್ಲ. ಅನ್ನ ಇದೆ, ತಿಂದು ಮಲಕ್ಕೋ."

"ತಡಿ." ಮತ್ತೆ ಮುರಿದಳು. ನಾನು ನೋಡಲೇಬೇಕು, ನೋಡದಿದ್ದರೆ ಮುರಿಯುವುದಿಲ್ಲ, ಕಣ್ಣು ತಿರುಗಿಸಿದರೆ "ಅಮ್ಮಾ!" ಅಂತ ಗದರುತ್ತಾಳೆ. ರೊಟ್ಟಿ ಆರಿ ಹಪ್ಪಳವಾಯಿತು. ಚೂರು ಕಡ್ಲೆಬೇಳೆಯಷ್ಟಾಯಿತು, ಸಾಸಿವೆಯಷ್ಟಾಯಿತು. ಆಗ ಇದ್ದಕ್ಕಿದ್ದ ಹಾಗೆ ತಲೆಯೆತ್ತಿ, "ಅಮ್ಮ, ಜಾಸ್ತಿ ಜಾಸ್ತಿ ಮಾಡ್ತಾ ಹೋದ್ರೆ ಚೂರು ಚಿಕ್ಕದು ಚಿಕ್ಕದು ಆಗ್ತಾ ಹೋಗತ್ತೆ! ಎಂಟರಲ್ಲೊಂದು ಅಂದ್ರೆ ಚಿಕ್ಕದು!" ಅಂದಳು, ತಾನೇ ಕಂಡುಹಿಡಿದವಳ ಹಾಗೆ.

"ವಾರದಿಂದ ನಾನು ಗಂಟಲು ಹರ್ಕೊಂಡಿದ್ದು ಇನ್ನೇನನ್ನೇ?"

"ನೀನು ಹೇಳಿದ್ದೆ. ರೊಟ್ಟಿ ಹೇಳಿರಲಿಲ್ಲ."

ಅತ್ತೆ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ. "ಆ ಸಾಸಿವೆಕಾಳನ್ನ ಇರುವೆಗೆ ಹಾಕಿಬಿಡೇ ತಾಯಿ, ಅದೂ ಬದುಕ್ಕೊಳ್ಳಲಿ" ಅಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಪುಣ್ಯವಂತೆ. ಭಾನುವಾರ ಬೆಳಗ್ಗೆ, ಸೋಮವಾರಕ್ಕೆ ಬರಬೇಕು ಅಂತ ಗಂಗಮ್ಮನಿಗೆ ಹೇಳಲು ಚಪ್ಪಲಿ ಮೆಟ್ಟುತ್ತಿದ್ದೆ. ನನಗೆ ಹೇಗೋ ಒಂದು ಹೊತ್ತು ರಜೆ ಸಿಕ್ಕಿತ್ತು. ಹೇಮಿ ಅಡ್ಡ ನಿಂತಳು. "ಗಂಗಮ್ಮ ಬೇಡ. ನೀನು, ಅಜ್ಜಿ."

"ತಲೆ ನೆಟ್ಟಗಿದ್ಯಾ? ಅಜ್ಜಿ ಬಂದ್ರೆ ಎರಡೇ ಬೀಳತ್ತೆ."

"ಬೀಳಲಿ. ನಂಗೆ ಮೂರು ಮಾಡಕ್ಕೆ ಬರತ್ತೆ."

"ಅದು ಮುಗಿಯೋದು ಯಾವ ಕಾಲಕ್ಕೆ? ಮೇಷ್ಟ್ರು ಒಪ್ಪದೇ ಇದ್ರೆ? ಎರಡನೇ ಕ್ಲಾಸಲ್ಲಿ ಕೂರ್ತೀಯಾ? ಇನ್ನೊಂದು ವಿಷಯ." ದನಿ ಇಳಿಸಿದೆ. "ಅಜ್ಜಿಗೆ ಕಾಣಲ್ಲ ಅಂತ ಇಡೀ ಊರಿಗೆ ಗೊತ್ತಾಗತ್ತೆ. ಅವರಿಗೆ ಇಷ್ಟ ಇದ್ಯೋ ಇಲ್ವೋ?"

ದನಿ ಇಳಿಸಿದ್ದು ದಂಡ. ಕಣ್ಣು ಹೋದವರ ಕಿವಿ ಎಷ್ಟು ಚುರುಕು ಅಂತ ನನಗೇನು ಗೊತ್ತಿತ್ತು? "ಬರ್ತೀನಿ" ಅಂದರು ಅತ್ತೆ ಒಳಗಿನಿಂದ. "ಎಷ್ಟು ದಿನ ಅಂತ ಚೊಂಬು ತರೋದು? ಆ ಹಸಿರು ಸೀರೆ ತೆಗೆದಿಡು."

"ಅತ್ತೆ, ಮಗು ಫೇಲಾಗತ್ತೆ."

"ಆದ್ರೆ ನಾನೂ ಅವಳ ಜೊತೆ ಎರಡನೇ ಕ್ಲಾಸಲ್ಲಿ ಕೂರ್ತೀನಿ, ಬಿಡು."

ಒಬ್ಬರಿಗೆ ಬುದ್ಧಿ ಹೇಳುವುದೇ ಕಷ್ಟ. ಒಂದೇ ಹಟದ ಇಬ್ಬರು, ನಡುವೆ ನಾನು.

ಸೋಮವಾರ ಅತ್ತೆಯ ಕೈ ಹಿಡಿದುಕೊಂಡು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಜನ ಕೈ ಹಿಡಿದದ್ದನ್ನು ನೋಡಿದರು, ಅತ್ತೆ ಗತ್ತಿನಿಂದ ನಡೆದರು. ಮಕ್ಕಳನ್ನು ವೆರಾಂಡಕ್ಕೆ ಕಳಿಸಿ, ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ, ಬೆನ್ನ ಹಿಂದೆ ಕೈ ಕಟ್ಟಿ ನಿಂತರು. ಮೇಜಿನ ಸುತ್ತ ನಾವು ಮೂವರು. ಚಟ್ ಅಂತ ಸದ್ದಾಯಿತು.

"ಎಷ್ಟಮ್ಮ?" ಅಂದರು ಮೇಷ್ಟ್ರು.

"ಎರಡು ಸಾರ್."

ಮೇಷ್ಟ್ರ ಬೆನ್ನು ಕುಸಿಯಿತು. "ಹೋದ ಸಲ ಅಪ್ಪ. ಈ ಸಲ ಯಾರು ತಾಯಿ ನಿದ್ದೆ ಮಾಡಿದ್ದು?"

"ಯಾರೂ ನಿದ್ದೆ ಮಾಡಿಲ್ಲ ಮೇಷ್ಟ್ರೇ," ಅಂದರು ಅತ್ತೆ. "ನಾನು ಬೆಂಚಿನ ಪುಟ್ಟತಾಯಮ್ಮ. ನನಗೆ ಕಣ್ಣು ಕಾಣಲ್ಲ."

ಮೇಷ್ಟ್ರು ತಿರುಗಲಿಲ್ಲ. ಮೆತ್ತಗೆ, "ನನಗೆ ಗೊತ್ತಿರಲಿಲ್ಲ ತಾಯಿ. ಬೇರೆ ಯಾರನ್ನಾದರೂ ಕರೆಸೋಣ, ಮಗು ಇನ್ನೊಂದು ಸಲ ಮುರೀಲಿ" ಅಂದರು.

"ಬೇಡ ಸಾರ್, ನಾವು ಮೂರು ಜನ ಇದ್ದೀವಲ್ಲ," ಅಂದಳು ಹೇಮಿ. ಅಂದು, ಶುರು ಮಾಡಿಯೇಬಿಟ್ಟಳು. ಎರಡು ನಾಲ್ಕಾಯಿತು. ನನ್ನ ಮುಂದೊಂದು, ಅಜ್ಜಿಯ ಮುಂದೊಂದು, ತನ್ನ ಮುಂದೊಂದು. "ಒಂದು ಉಳೀತು ಸಾರ್." ಅದೂ ನಾಲ್ಕಾಯಿತು. "ಮತ್ತೆ ಒಂದು ಉಳೀತು ಸಾರ್."

"ಏನು ಮಾಡ್ತಿದ್ದೀಯಮ್ಮ?"

"ಮೂರರಲ್ಲೊಂದು ಮಾಡ್ತಿದ್ದೀನಿ ಸಾರ್. ಇನ್ನೂ ಆಗಿಲ್ಲ."

ಮೇಷ್ಟ್ರಿಗೆ ತಿರುಗಿ ನೋಡುವ ಆಸೆ, ನೋಡಿದರೆ ಲೆಕ್ಕ ಕೆಡುತ್ತದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, "ಆಯ್ತಾ?" "ಈಗ?" ಅಂತ ಕೇಳುತ್ತಲೇ ಇದ್ದರು. ನನಗೆ ಅವರ ಬೆನ್ನು ನೋಡಿ ನಗು, ಮಗಳ ಬೆರಳು ನೋಡಿ ಭಯ. ಆದರೆ ನಾನು ಎಲ್ಲೂ ನೋಡುವ ಹಾಗಿಲ್ಲ, ರೊಟ್ಟಿಯನ್ನೇ ನೋಡಬೇಕು. ಬೆಂಚಿನಲ್ಲಿ ಇಷ್ಟು ವರ್ಷದಲ್ಲಿ ಹೀಗೆ ಕಣ್ಣಿಟ್ಟು ನೋಡಿದ್ದಿಲ್ಲ. ಅತ್ತೆಯ ಮುಂದೆ ಚೂರಿನ ಪಕ್ಕ ಚಿಕ್ಕ ಚೂರು, ಅದರ ಪಕ್ಕ ಇನ್ನೂ ಚಿಕ್ಕದು ಸೇರುತ್ತಾ ಹೋದವು. ಅವರು ಪ್ರತಿ ಸಲವೂ ಬೆರಳಿನಿಂದ ಮುಟ್ಟಿ ನೋಡಿ "ಹ್ಞೂಂ" ಅನ್ನುತ್ತಿದ್ದರು.

ಕೊನೆಗೆ ಹೇಮಿಯ ಅಂಗೈಯಲ್ಲಿ ಸಾಸಿವೆಕಾಳಿನಷ್ಟು ಉಳಿಯಿತು. ಅವಳು ಉಗುರಿನ ತುದಿ ಅದರ ಮೇಲೆ ಇಟ್ಟಳು. ಒತ್ತಿದಳು. ಅದು ಎರಡಾಗಲಿಲ್ಲ. ಪುಸ್ ಅಂತ ಹಿಟ್ಟಾಗಿ ಅಂಗೈ ತುಂಬ ಹರಡಿತು, ಒಂದು ಚೂರೂ ಕಣ್ಣಿಗೆ ಕಾಣದಷ್ಟು ನುಣ್ಣಗೆ.

ನಾನು ತಲೆಯೆತ್ತಿದೆ. ಕಿಟಕಿಗಳ ಸರಳಿಗೆ ನೊಣ ಮುತ್ತಿದ ಹಾಗೆ ಮಕ್ಕಳು, ಒಬ್ಬರ ಹೆಗಲ ಮೇಲೆ ಒಬ್ಬರು. ಕಾದು ಕಾದು ಬೇಸತ್ತು ಹತ್ತಿಬಿಟ್ಟಿದ್ದರು. ಬಾಗಿಲಲ್ಲಿ ಆಯಾ, ಅವಳ ಹಿಂದೆ ಎರಡನೇ ಕ್ಲಾಸಿನ ಟೀಚರು. ಮೇಷ್ಟ್ರೂ ತಡೆಯಲಾರದೆ ತಿರುಗಿ ನಿಂತಿದ್ದರು, ಬಾಯಿ ತೆರೆದುಕೊಂಡು.

"ಏನಾಯ್ತೇ? ಎಷ್ಟಾಯ್ತು?" ಅಂದರು ಅತ್ತೆ.

ಹೇಮಿ ಕಿಟಕಿಗಳನ್ನು ನೋಡಿದಳು, ಬಾಗಿಲನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. "ಎಲ್ರಿಗೂ ಆಯ್ತು ಅಜ್ಜಿ," ಅಂದಳು. ಅಂದು, ಆ ಅಂಗೈಯನ್ನು ಅಜ್ಜಿಯ ಬಾಯಿಗೆ ಹಿಡಿದಳು. ಅತ್ತೆ ಅಷ್ಟೂ ಜನರ ಮುಂದೆ, ಹಸಿರು ಸೀರೆ ಉಟ್ಟುಕೊಂಡು, ಮೊಮ್ಮಗಳ ಅಂಗೈ ನೆಕ್ಕಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಂದು ಪ್ರಶ್ನೆ ಬಾಕಿ ಇದೆಯಮ್ಮ. ಮೂರರಲ್ಲೊಂದು ದೊಡ್ಡದೋ, ಎಂಟರಲ್ಲೊಂದೋ?"

"ಮೂರರಲ್ಲೊಂದು ಸಾರ್," ಅಂದಳು ಹೇಮಿ. "ಆದ್ರೆ ಅದು ಸಿಗೋದು ಬಾಳ ಕಷ್ಟ."

ಪಾಸಾದಳು. ಗಂಗಮ್ಮನ ಮೊಮ್ಮಗನ ಪಕ್ಕ ಕೂರುವುದು ತಪ್ಪಿತು, ಬೆಂಚಿನ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ನನಗೆ ಸುಖ ಸಿಕ್ಕಿತು ಅಂತ ತಿಳಿಯಬೇಡಿ. ಈಗ ಮನೆಯಲ್ಲಿ ಪ್ರತಿ ಸಂಜೆ ರೊಟ್ಟಿಯೇ ಆಗಬೇಕು. ನಾನು ಮುದ್ದೆ ಅಂದರೆ ಅಜ್ಜಿ ಮೊಮ್ಮಗಳು ಒಟ್ಟಿಗೆ "ಊಹೂಂ" ಅನ್ನುತ್ತಾರೆ. ಹಲ್ಲು ನೋವು ಎಲ್ಲಿ ಹೋಯಿತೋ. ಒಂದೊಂದು ರೊಟ್ಟಿಯನ್ನೂ ಎರಡು, ನಾಲ್ಕು, ಮತ್ತೆ ನಾಲ್ಕು ಅಂತ ಹೇಮಿ ಮುರಿಯುತ್ತಾ ಹೋಗುತ್ತಾಳೆ, ಉರಿಯುವ ಕಣ್ಣು ಬಿಟ್ಟುಕೊಂಡು ನಾನು ನೋಡುತ್ತಾ ಕೂರಬೇಕು. ಪಲ್ಯ ಆರುತ್ತದೆ, ಸಾರು ಕೆನೆ ಕಟ್ಟುತ್ತದೆ. ಕೊನೆಗೆ ಉಳಿಯುವ ಸಾಸಿವೆಕಾಳನ್ನು ಅವಳು ಇರುವೆಗೆ ಹಾಕುವುದಿಲ್ಲ, ಸದ್ದಿಲ್ಲದೆ ಅಜ್ಜಿಯ ತಟ್ಟೆಗೆ ಸೇರಿಸುತ್ತಾಳೆ.

"ಆಗ ಅದು ಮೂರರಲ್ಲೊಂದು ಆಗಲ್ಲ ಕಣೇ, ಅಜ್ಜಿಗೆ ಜಾಸ್ತಿ ಆಯ್ತು," ಅಂದೆ ಒಂದು ದಿನ.

"ಶ್! ಅಜ್ಜಿಗೆ ಕಾಣಲ್ಲ, ಬಿಡಮ್ಮ."

ಅತ್ತೆ ಏನೂ ಕೇಳಿಸದವರ ಹಾಗೆ ಕೂತಿರುತ್ತಾರೆ. ಊಟಕ್ಕೆ ಕೈ ಹಾಕುವಾಗ ಮಾತ್ರ, ದೊಡ್ಡ ಹೋಳುಗಳನ್ನೆಲ್ಲ ಬಿಟ್ಟು, ತಟ್ಟೆಯ ಅಂಚಿನುದ್ದಕ್ಕೂ ಬೆರಳು ಆಡಿಸಿ, ಮೊದಲು ಆ ಸಾಸಿವೆಕಾಳನ್ನೇ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಾರೆ.